ಊರಿಗೊಂದು ರೋಲು: ಸ್ಕಾಟ್‌ಲೆಂಡಿನ ಬೆಳಗಿನ ಬ್ರೆಡ್ಡು

ಸ್ಕಾಟ್‌ಲೆಂಡ್ ಎಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಗಂಡಸರು ಉಡುವ ಚೌಕುಳಿ ಲಂಗ, ಕಂಕುಳಲ್ಲಿ ಚೀಲ ಒತ್ತಿ ಊದುವ ವಾದ್ಯ, ಸರೋವರದ ಆಳದಲ್ಲಿ ಅಡಗಿದೆ ಎನ್ನುವ ನೆಸ್ಸಿ ಪ್ರಾಣಿ. ಇವೆಲ್ಲ ಚಿತ್ರದಲ್ಲಿ ಚೆನ್ನಾಗಿರುತ್ತವೆ. ಆದರೆ ಅಲ್ಲಿಯ ಜನ ಬೆಳಿಗ್ಗೆ ಎದ್ದು ಕೇಳುವುದು ಇವು ಯಾವುದನ್ನೂ ಅಲ್ಲ. ಅಂಗೈಯಗಲದ ಒಂದು ಬ್ರೆಡ್ಡನ್ನು. ಅದಕ್ಕೆ ರೋಲ್ ಎಂದು ಹೆಸರು. ನಮ್ಮಲ್ಲಿ ಇಡ್ಲಿ, ದೋಸೆಗೆ ಹೋಟೆಲಿನ ಮುಂದೆ ಜನ ನಿಲ್ಲುವ ಹಾಗೆ ಅಲ್ಲಿ ರೋಲಿಗಾಗಿ ಬೇಕರಿಯ ಮುಂದೆ ನಿಲ್ಲುತ್ತಾರೆ.

ನಾಡು ದೊಡ್ಡದೇನಲ್ಲ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಜನಸಂಖ್ಯೆ ಸುಮಾರು 55 ಲಕ್ಷ. ಬೆಂಗಳೂರು ನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಇಷ್ಟು ಪುಟ್ಟ ನಾಡಿನಲ್ಲಿ ರೋಲಿನ ಹೆಸರು, ಆಕಾರ, ರುಚಿ ಎಲ್ಲವೂ ನೂರಿನ್ನೂರು ಕಿಲೋಮೀಟರಿನೊಳಗೆ ಬದಲಾಗುತ್ತವೆ. ನಮ್ಮ ಮಗಳ ಸಂಸಾರ ಅಬರ್ಡೀನ್ ಪಟ್ಟಣದಲ್ಲಿದೆ. ನಾನೂ ನನ್ನ ಹೆಂಡತಿಯೂ 2019ರ ಬೇಸಿಗೆಯಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಅಲ್ಲಿ ಹೋಗಿ ಇದ್ದೆವು. ಮೊದಲ ಸಲ ಹೋದಾಗ ಮೊಮ್ಮಗನಿಗೆ ಎಂಟು ವರ್ಷ. ಅವನ ಇಂಗ್ಲಿಷ್ ನನಗೆ ಅರ್ಥವಾಗದು, ನನ್ನ ಕನ್ನಡ ಅವನಿಗೆ ಅರ್ಧ ಮಾತ್ರ ಅರ್ಥವಾಗುವುದು. ಇಬ್ಬರಿಗೂ ಮಾತಾಡಲು ಒಂದು ವಿಷಯ ಬೇಕಿತ್ತು. ಅದನ್ನು ಒದಗಿಸಿದ್ದು ಈ ರೋಲು.

ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಲೆಡ್ಜರು ಬರೆದ ಕೈ ನನ್ನದು. ಒಂದು ನೋಟ್‌ಪುಸ್ತಕ ಕೊಂಡು ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆ: ತಾರೀಕು, ಊರು, ರೋಲಿನ ಹೆಸರು, ಷರಾ. ತಿನ್ನುವುದು ಇಬ್ಬರ ಕೆಲಸ, ಷರಾ ಹೇಳುವುದು ಮೊಮ್ಮಗನ ಕೆಲಸ, ಬರೆಯುವುದು ನನ್ನ ಕೆಲಸ ಎಂದು ಒಪ್ಪಂದವಾಯಿತು.

ಅಬರ್ಡೀನಿನ ಬಟರಿ

ಅಬರ್ಡೀನ್ ಈಶಾನ್ಯ ಕರಾವಳಿಯ ಊರು. ಮನೆ, ಚರ್ಚು, ಅಂಗಡಿ ಎಲ್ಲವನ್ನೂ ಬೂದು ಬಣ್ಣದ ಗ್ರಾನೈಟ್ ಕಲ್ಲಿನಲ್ಲೇ ಕಟ್ಟಿದ್ದಾರೆ. ಮಳೆ ಬಂದು ಬಿಸಿಲು ಬಿದ್ದರೆ ಊರಿಗೆ ಊರೇ ಮಿನುಗುತ್ತದೆ. ಈಗ ಅಲ್ಲಿ ತೈಲ ಕಂಪನಿಗಳ ಕಾಲ. ಅದಕ್ಕೆ ಮೊದಲು ಅದು ಮೀನುಗಾರರ ಊರು. ಅಲ್ಲಿಯ ರೋಲಿನ ಹೆಸರು ಬಟರಿ. ರೋವಿ ಎಂದೂ ಕರೆಯುತ್ತಾರೆ. ಯಾವುದು ಸರಿಯಾದ ಹೆಸರು ಎಂದು ಬಸ್ಸಿನಲ್ಲಿ ಕೇಳಿನೋಡಿ, ನೀವು ಇಳಿಯುವವರೆಗೂ ವಾದ ನಡೆಯುತ್ತದೆ.

ನೋಡಲು ಬಟರಿ ಸುಂದರವಲ್ಲ. ಚಪ್ಪಟೆ, ಅಂಕುಡೊಂಕು, ಕಂದು ಬಣ್ಣ. ಯಾರೋ ಬನ್ನಿನ ಮೇಲೆ ಕೂತು ಎದ್ದ ಹಾಗಿರುತ್ತದೆ. ಮುರಿದರೆ ಒಳಗೆ ಪದರ ಪದರ. ಬಾಯಿಗಿಟ್ಟರೆ ಮೊದಲು ಉಪ್ಪು, ಆಮೇಲೆ ಕೊಬ್ಬಿನ ಜಿಡ್ಡು, ಕಡೆಗೆ ಗರಿಗರಿ ಅಂಚು. ನನ್ನ ಹೆಂಡತಿ ಮುರಿದು ನೋಡಿ, “ಇದು ಸಕ್ಕರೆ ಹಾಕದ ಚಿರೋಟಿ ಕಣ್ರೀ” ಎಂದಳು. ಷರಾ ಕಾಲಮ್ಮಿನಲ್ಲಿ ಮೊದಲು ಬಿದ್ದ ಮಾತು ಅದೇ.

ಇದರ ಹುಟ್ಟಿನ ಬಗ್ಗೆ ಊರಿನವರು ಹೇಳುವ ಕಥೆ ಹೀಗಿದೆ. ಮೀನುಗಾರರು ದೋಣಿ ಹತ್ತಿದರೆ ಎಷ್ಟೋ ದಿನ ದಡಕ್ಕೆ ಬರುತ್ತಿರಲಿಲ್ಲ. ಸಾಮಾನ್ಯ ಬ್ರೆಡ್ಡು ಎರಡೇ ದಿನದಲ್ಲಿ ಒಣಗಿ ಕಲ್ಲಾಗುತ್ತದೆ. ಅದಕ್ಕಾಗಿ ಕೊಬ್ಬು, ಉಪ್ಪು ಹೆಚ್ಚು ಹಾಕಿದ ಈ ರೋಲನ್ನು ಮಾಡಿಕೊಟ್ಟರಂತೆ. ಕಥೆ ಎಷ್ಟು ನಿಜವೋ, ಅದರ ಹಿಂದಿನ ಲೆಕ್ಕವಂತೂ ಸರಿಯಾಗಿದೆ. ಕೊಬ್ಬು ಹೆಚ್ಚಿ ನೀರಿನಂಶ ಕಡಿಮೆಯಾದರೆ ಬ್ರೆಡ್ಡು ಬೇಗ ಒಣಗಿ ಬಿರುಸಾಗುವುದಿಲ್ಲ. ಚಳಿಯಲ್ಲಿ ಬಲೆ ಎಳೆಯುವವನಿಗೆ ಒಂದೇ ರೋಲಿನಿಂದ ಹೆಚ್ಚು ಶಕ್ತಿಯೂ ಸಿಗುತ್ತದೆ.

ಸಸ್ಯಾಹಾರಿಗಳು ಇಲ್ಲಿ ಒಂದು ಮಾತು ಗಮನಿಸಬೇಕು. ಹೆಸರಿನಲ್ಲಿ ಬೆಣ್ಣೆ ಇದ್ದರೂ ಹಳೆಯ ಕ್ರಮದ ಬಟರಿಗೆ ಹಾಕುವುದು ಹೆಚ್ಚಾಗಿ ಹಂದಿಯ ಕೊಬ್ಬು. ಈಗ ಹಲವು ಬೇಕರಿಗಳು ಸಸ್ಯಜನ್ಯ ಕೊಬ್ಬು ಬಳಸುತ್ತವೆ. ಮಗಳು ಮೊದಲ ದಿನವೇ, “ಅಪ್ಪ, ಕೇಳದೆ ತೊಗೋಬೇಡಿ” ಎಂದು ಹೇಳಿದ್ದಳು. ಕೇಳಿದರೆ ಅಂಗಡಿಯವರು ಬೇಸರವಿಲ್ಲದೆ ಹೇಳುತ್ತಾರೆ. ಅವಳ ಮನೆಯ ಹಿಂದಿನ ಬೀದಿಯಲ್ಲೇ ಸಸ್ಯಜನ್ಯ ಕೊಬ್ಬು ಹಾಕುವ ಒಂದು ಸಣ್ಣ ಬೇಕರಿ ಇತ್ತು. ನಮಗೆ ಅದೇ ಗತಿ, ಅದೇ ಭಾಗ್ಯ.

ಆ ಸೀಮೆಯಲ್ಲಿ ಬಟರಿಯೇ ರೋಲುಗಳ ರಾಜ. ಹಾಗಾಗಿ ಬೇರೆ ಕಡೆ ಸುಮ್ಮನೆ ರೋಲ್ ಎನ್ನುವ ಮೆತ್ತನೆಯ ಬಿಳಿ ರೋಲಿಗೆ ಇಲ್ಲಿ ಸಾಫ್ಟಿ ಎಂಬ ಬೇರೆ ಹೆಸರು. ಅಲ್ಲಿಯ ಆಡುಮಾತಿಗೆ ಡೋರಿಕ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ವಾಟ್’ ಎನ್ನುವ ಕಡೆ ಅವರು ‘ಫಿಟ್’ ಎನ್ನುತ್ತಾರೆ. “ಫಿಟ್ ಲೈಕ್?” ಎಂದರೆ ಹೇಗಿದ್ದೀರಿ ಎಂದರ್ಥ. ಮೊಮ್ಮಗ ಇದನ್ನು ಹೇಳಿಕೊಟ್ಟಾಗ, ಹಳಗನ್ನಡದ ‘ಪಾಲು’ ಈಗ ‘ಹಾಲು’ ಆದದ್ದನ್ನು ಅವನಿಗೆ ಹೇಳಿದೆ. ಒಂದೇ ಅಕ್ಷರ ಬದಲಾದರೂ ಹಾಲು ಹಾಲೇ ತಾನೇ ಎಂದು ಅವನು ಕೇಳಿದ.

ಬೆಳಗಿನ ಜಾವದ ಬೇಕರಿ

ಬೇಕರಿಯ ಯಜಮಾನರಿಗೆ ಅರವತ್ತರ ಹತ್ತಿರ. ದಿನಾ ನೋಟ್‌ಪುಸ್ತಕ ಹಿಡಿದು ಬರುವ ಮುದುಕನನ್ನೂ ಹುಡುಗನನ್ನೂ ನೋಡಿ ಅವರಿಗೆ ಕುತೂಹಲವಾಗಿ, ಮಾಡುವುದನ್ನೇ ನೋಡಬೇಕಾದರೆ ನಾಲ್ಕು ಗಂಟೆಗೆ ಬನ್ನಿ ಎಂದರು. ಸಂಜೆ ನಾಲ್ಕಲ್ಲ, ಬೆಳಗಿನ ಜಾವ. ಜೂನ್ ತಿಂಗಳಲ್ಲಿ ಅಲ್ಲಿ ಆ ಹೊತ್ತಿಗೇ ಬೆಳಕು ಹರಿದಿರುತ್ತದೆ. ಅಜ್ಜ ಮೊಮ್ಮಗ ಇಬ್ಬರೂ ಸ್ವೆಟರು ಹಾಕಿಕೊಂಡು ಹೋದೆವು. ಅವರು ಎರಡು ಗಂಟೆಗೇ ಬಂದು ಕೆಲಸ ಶುರು ಮಾಡಿದ್ದರು. ಸಹಾಯಕ್ಕೆ ಇಪ್ಪತ್ತು ದಾಟಿದ ಒಬ್ಬ ಹುಡುಗಿ.

ಯೀಸ್ಟ್ ಹಾಕಿ ನಾದಿದ ಮೈದಾಹಿಟ್ಟು ಉಬ್ಬಿ ನಿಂತಿತ್ತು. ಅದನ್ನು ಉದ್ದಕ್ಕೆ ಲಟ್ಟಿಸಿ, ಮೆತ್ತಗೆ ಮಾಡಿದ ಕೊಬ್ಬಿನಲ್ಲಿ ಒಂದು ಪಾಲನ್ನು ಮೇಲೆ ಸವರಿ, ಕಾಗದ ಮಡಿಸುವಂತೆ ಮೂರು ಮಡಿಕೆ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಲಟ್ಟಿಸು, ಮತ್ತೆ ಸವರು, ಮತ್ತೆ ಮಡಿಸು. ಹೀಗೆ ಮೂರು ಸಲ. ಪದರ ಬರುವುದು ಇದರಿಂದಲೇ. ಬಳಿಕ ತುಂಡು ಮಾಡಿ ತಟ್ಟೆಯಲ್ಲಿಟ್ಟು ಬೆರಳ ತುದಿಗಳಿಂದ ಒತ್ತಿದರು. ಬಟರಿಯ ಮೇಲಿನ ಹಳ್ಳದಿಣ್ಣೆ ಆ ಬೆರಳುಗಳ ಗುರುತು. ಒವೆನ್ನಿನಲ್ಲಿ ಇಪ್ಪತ್ತು ನಿಮಿಷ. ಬಾಗಿಲು ತೆರೆದಾಗ ಬಂದ ಪರಿಮಳಕ್ಕೆ ಮೊಮ್ಮಗನ ನಿದ್ದೆಯೆಲ್ಲ ಹಾರಿಹೋಯಿತು.

ಬಟರಿಯನ್ನು ತಿರುವಿ ಹಾಕಿ ಚಪ್ಪಟೆಯಾದ ತಳದ ಮೇಲೆ ಬೆಣ್ಣೆಯನ್ನೋ ಜಾಮನ್ನೋ ಸವರಿ ತಿನ್ನುವುದು ಹಲವರ ರೂಢಿ. ಯಜಮಾನರು ಹಾಗೆಯೇ ಮಾಡಿಕೊಟ್ಟರು. ಇವರ ತಂದೆಯೂ ಇದೇ ಒವೆನ್ನಿನ ಮುಂದೆ ನಿಂತಿದ್ದವರಂತೆ. ಮಗ ತೈಲ ಕಂಪನಿಯಲ್ಲಿದ್ದಾನಂತೆ. “ರಾತ್ರಿ ಎರಡು ಗಂಟೆಗೆ ಏಳುವ ಕೆಲಸಕ್ಕೆ ಯಾರು ಬರುತ್ತಾರೆ?” ಎಂದು ಕೇಳಿದರು. ನಮ್ಮ ಊರಿನ ಬೇಕರಿಯವರೂ ಇದೇ ಮಾತು ಹೇಳಿದ್ದನ್ನು ನಾನು ಕೇಳಿದ್ದೇನೆ.

ರೋಲಿಗಿಂತ ಹಿರಿಯದು

ಗೋಧಿಯ ಬಿಳಿ ರೋಲು ಸ್ಕಾಟ್‌ಲೆಂಡಿನ ಬಡವರ ಮನೆಗೆ ಬಂದದ್ದು ತಡವಾಗಿ. ಅಲ್ಲಿಯ ಚಳಿಗೆ, ತೇವಕ್ಕೆ ಚೆನ್ನಾಗಿ ಬೆಳೆಯುವುದು ಓಟ್ಸು ಮತ್ತು ಬಾರ್ಲಿ. ಹಳ್ಳಿ ಮನೆಗಳಲ್ಲಿ ಒವೆನ್ನೂ ಅಪರೂಪ. ಹಾಗಾಗಿ ಬೆಂಕಿಯ ಮೇಲೆ ಕಬ್ಬಿಣದ ಕಾವಲಿಯಿಟ್ಟು ದಪ್ಪನೆಯ ರೊಟ್ಟಿ ಬೇಯಿಸುತ್ತಿದ್ದರು. ಅದರ ಹೆಸರು ಬ್ಯಾನಕ್. ನಮ್ಮಲ್ಲಿ ಉತ್ತರಕ್ಕೆ ಜೋಳದ ರೊಟ್ಟಿ, ಬಯಲುಸೀಮೆಗೆ ರಾಗಿ ಮುದ್ದೆ, ಮಲೆನಾಡಿಗೆ ಅಕ್ಕಿ ರೊಟ್ಟಿ ಬಂದ ಹಾಗೆಯೇ. ನೆಲ ಏನು ಕೊಡುತ್ತದೋ ಅದೇ ತಟ್ಟೆಗೆ ಬರುತ್ತದೆ.

ಇದನ್ನು ನೋಡಲು ಅಳಿಯ ನಮ್ಮನ್ನು ಆರ್ಕ್ನಿ ದ್ವೀಪಕ್ಕೆ ಕರೆದುಕೊಂಡು ಹೋದ. ಅಬರ್ಡೀನಿನಿಂದ ಸಂಜೆಯ ಹಡಗು ಹತ್ತಿದರೆ ರಾತ್ರಿ ತಲುಪುತ್ತೇವೆ. ಅಲ್ಲಿ ‘ಬೇರ್’ ಎಂಬ ಹಳೆಯ ತಳಿಯ ಬಾರ್ಲಿ ಈಗಲೂ ಬೆಳೆಯುತ್ತಾರೆ. ಬಿತ್ತಿದ ಸುಮಾರು ತೊಂಬತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆಂದು ಹೆಸರಾದ ತಳಿ. ಬೇಸಿಗೆ ಚಿಕ್ಕದಾದ ಊರಿಗೆ ಇದು ಬಹಳ ಮುಖ್ಯ. ಬರ್ಸೆ ಎಂಬಲ್ಲಿ 1873ರಲ್ಲಿ ಕಟ್ಟಿದ ಬ್ಯಾರನಿ ಗಿರಣಿ ಇದೆ. ನೀರಿನ ಬಲದಿಂದ ಚಕ್ರ ತಿರುಗಿ ಕಲ್ಲು ಬೀಸುತ್ತದೆ. ಆ ಹಿಟ್ಟಿನ ಬ್ಯಾನಕ್ ಬೂದುಗಂದು ಬಣ್ಣ, ಮಣ್ಣಿನ ವಾಸನೆ, ಕೊಂಚ ಕಹಿ. ಮೊಮ್ಮಗ ಮುಖ ಕಿವುಚಿ, “ಷರಾ: ಅಜ್ಜನಿಗೆ ಇಷ್ಟ” ಎಂದು ಬರೆಸಿದ.

ದಕ್ಷಿಣಕ್ಕೆ ಹೋದಂತೆ

ಅಬರ್ಡೀನಿನಿಂದ ಎಡಿನ್‌ಬರೊಗೆ ರೈಲಿನಲ್ಲಿ ಹೋಗುವಾಗ ಎರಡು ದೊಡ್ಡ ಸೇತುವೆ ಸಿಗುತ್ತವೆ. ಮೊದಲನೆಯದು ಟೇ ನದಿಯ ಮೇಲೆ, ಎರಡನೆಯದು 1890ರಲ್ಲಿ ತೆರೆದ ಫೋರ್ತ್ ಸೇತುವೆ. ಇವೆರಡರ ನಡುವಿನ ಸೀಮೆ ಫೈಫ್. ಅಷ್ಟು ಹೊತ್ತಿಗೆ ಬಟರಿ ಮಾಯವಾಗಿ, ಬ್ಯಾಪ್ ಎಂಬ ಹೆಸರು ಕಿವಿಗೆ ಬೀಳತೊಡಗುತ್ತದೆ. ಬ್ಯಾಪ್ ಎಂದರೆ ಮೆತ್ತನೆಯ, ಮೇಲೆ ಹಿಟ್ಟು ಉದುರಿಸಿದ ರೋಲು. ಹಳೆಯ ಕ್ರಮದಲ್ಲಿ ಒವೆನ್ನಿಗೆ ಇಡುವ ಮೊದಲು ಪ್ರತಿಯೊಂದರ ನಡುವೆ ಬೆರಳಿನಿಂದ ಒಂದು ಗುಳಿ ಒತ್ತುತ್ತಾರೆ. ಇಲ್ಲದಿದ್ದರೆ ಮೇಲ್ಮೈಯಲ್ಲಿ ಗುಳ್ಳೆ ಏಳುತ್ತದೆ.

ಎಡಿನ್‌ಬರೊದಿಂದ ದಕ್ಷಿಣಕ್ಕೆ 2015ರಲ್ಲಿ ಹೊಸದಾಗಿ ತೆರೆದ ರೈಲುಮಾರ್ಗದ ಕೊನೆಗೆ ಇಳಿದು, ಬಸ್ಸು ಹಿಡಿದರೆ ಸೆಲ್ಕರ್ಕ್ ಎಂಬ ಪುಟ್ಟ ಊರು. ಅಲ್ಲಿಯ ಬ್ಯಾನಕ್ ಆರ್ಕ್ನಿಯದರ ಹಾಗಲ್ಲ. ಬೆಣ್ಣೆ ಹಾಕಿ, ಒಳಗೆಲ್ಲ ಒಣದ್ರಾಕ್ಷಿ ತುಂಬಿದ ಗುಂಡನೆಯ ಬ್ರೆಡ್ಡು. 1859ರಲ್ಲಿ ರಾಬಿ ಡಗ್ಲಸ್ ಎಂಬ ಬೇಕರಿಯವರು ಮಾಡಲು ಶುರು ಮಾಡಿದ್ದು. 1867ರಲ್ಲಿ ವಿಕ್ಟೋರಿಯಾ ರಾಣಿ ಹತ್ತಿರದ ಆಬಟ್ಸ್‌ಫರ್ಡ್‌ಗೆ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಬಾಳಿದ ಮನೆಗೆ ಬಂದಿದ್ದಳು. ಮೇಜಿನ ತುಂಬ ತಿಂಡಿಯಿದ್ದರೂ ಚಹಾದ ಜೊತೆ ಈ ಬ್ಯಾನಕ್‌ನ ಒಂದು ಹೋಳು ಮಾತ್ರ ತಿಂದಳು ಎಂದು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಬಿಲ್ಲು ಕೊಟ್ಟಾಗ ಚಿಲ್ಲರೆಯ ಜೊತೆ ಬಂದ ಎರಡು ನೋಟುಗಳ ಮೇಲೆ ಎರಡು ಬೇರೆ ಬ್ಯಾಂಕುಗಳ ಹೆಸರಿತ್ತು. ಸ್ಕಾಟ್‌ಲೆಂಡಿನಲ್ಲಿ ಮೂರು ವಾಣಿಜ್ಯ ಬ್ಯಾಂಕುಗಳು ತಮ್ಮ ಹೆಸರಿನಲ್ಲೇ ನೋಟು ಹೊರಡಿಸುತ್ತವೆ. ರಿಸರ್ವ್ ಬ್ಯಾಂಕಿನ ನೋಟನ್ನಷ್ಟೇ ಎಣಿಸಿದ ನನಗೆ ಅದನ್ನು ಎಷ್ಟು ಸಲ ತಿರುವಿ ನೋಡಿದರೂ ಸಾಲದು. ಹೆಂಡತಿ, “ಬ್ಯಾಂಕು ಮುಚ್ಚಿತು, ಬ್ಯಾನಕ್ ತಿನ್ನಿ” ಎಂದಳು.

ಗ್ಲಾಸ್ಗೋದ ಕಪ್ಪು ನೆತ್ತಿ

ಪಶ್ಚಿಮದ ಗ್ಲಾಸ್ಗೋ ಹಡಗು ಕಟ್ಟುವವರ ಊರಾಗಿತ್ತು. ಕ್ಲೈಡ್ ನದಿಯ ದಡದಲ್ಲಿ ಸಾವಿರಾರು ಜನ ದುಡಿಯುತ್ತಿದ್ದರು. ಇಲ್ಲಿಯ ರೋಲು ಹೊರಗೆ ಗಟ್ಟಿ, ಒಳಗೆ ಗಾಳಿಯಂತೆ ಹಗುರ. ಎರಡಾಗಿ ಸೀಳಿದರೆ ನಡುವೆ ಏನು ಬೇಕಾದರೂ ತುಂಬಲು ಜಾಗ. ಕೈಯಲ್ಲಿ ಹಿಡಿದು ನಡೆಯುತ್ತ ತಿನ್ನಬಹುದು, ಕೆಲಸಕ್ಕೆ ಹೊರಟವನಿಗೆ ತಟ್ಟೆ ಬೇಡ.

ಇದರಲ್ಲೇ ಒಂದು ಬಗೆಗೆ ‘ವೆಲ್ ಫಯರ್ಡ್’ ಎಂದು ಹೆಸರು. ಎಂದರೆ ಚೆನ್ನಾಗಿ ಸುಟ್ಟದ್ದು. ನೆತ್ತಿ ನಿಜಕ್ಕೂ ಕಪ್ಪಗಿರುತ್ತದೆ. ನಮ್ಮ ಮನೆಯಲ್ಲಾದರೆ ಸೀದುಹೋಯಿತು ಎಂದು ಬದಿಗಿಡುತ್ತೇವೆ. ಅಲ್ಲಿ ಅದನ್ನೇ ಕೇಳಿ ಕೊಳ್ಳುತ್ತಾರೆ. ಹೊರಗಿನ ಕರಿ ಕಹಿ, ಒಳಗಿನ ಬಿಳಿ ಸಿಹಿ, ಎರಡೂ ಸೇರಿದರೆ ತಳ ಹಿಡಿದ ಹಾಲಿನ ಕೆನೆಯ ರುಚಿ ನೆನಪಾಗುತ್ತದೆ.

ಅಂಗಡಿಯಲ್ಲಿ ಜನ ಹೆಚ್ಚಾಗಿ ಕೇಳುವುದು ರೋಲಿನೊಳಗೆ ಮಾಂಸದ ಚೌಕ ಬಿಲ್ಲೆ. ಸಸ್ಯಾಹಾರಿಗಳಿಗೂ ಒಂದು ದಾರಿಯಿದೆ, ‘ರೋಲ್ ಅಂಡ್ ಟ್ಯಾಟಿ ಸ್ಕೋನ್’. ಬೇಯಿಸಿದ ಆಲೂಗಡ್ಡೆಗೆ ಹಿಟ್ಟು ಸೇರಿಸಿ ಕಾವಲಿಯ ಮೇಲೆ ಸುಟ್ಟ ತೆಳು ರೊಟ್ಟಿಯೇ ಟ್ಯಾಟಿ ಸ್ಕೋನ್. ಅದನ್ನು ರೋಲಿನೊಳಗೆ ಇಟ್ಟು ಕೊಡುತ್ತಾರೆ. ರೊಟ್ಟಿಯೊಳಗೆ ರೊಟ್ಟಿ! ಇಲ್ಲೂ ರೋಲಿಗೆ ಮತ್ತು ಬಾಣಲೆಗೆ ಯಾವ ಕೊಬ್ಬು ಹಾಕಿದ್ದಾರೆಂದು ಕೇಳಿಕೊಳ್ಳಿ.

ಕಿಟಕಿಯಿಂದ ಬೀಳುತ್ತಿದ್ದ ಬ್ರೆಡ್ಡು

ಗ್ಲಾಸ್ಗೋದ ಕೆಲಸಗಾರರು ಬಾಳಿದ್ದು ಮೂರು ನಾಲ್ಕು ಅಂತಸ್ತಿನ ಕಲ್ಲಿನ ವಠಾರಗಳಲ್ಲಿ. ಹಿತ್ತಲಲ್ಲಿ ವಠಾರದ ಮಕ್ಕಳೆಲ್ಲ ಸೇರಿ ಆಡುತ್ತಿದ್ದರು. ಹಸಿವಾದರೆ ಮೆಟ್ಟಿಲು ಹತ್ತುವ ಗೋಜಿಲ್ಲ, ಕೆಳಗಿನಿಂದಲೇ ಅಮ್ಮನನ್ನು ಕೂಗುವುದು. ಅಮ್ಮ ಜಾಮ್ ಸವರಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಎಸೆಯುತ್ತಿದ್ದಳು. ಅದಕ್ಕೆ ‘ಜೀಲಿ ಪೀಸ್’ ಎನ್ನುತ್ತಾರೆ. ಪೀಸ್ ಎಂದರೆ ಅಲ್ಲಿ ತುಂಡಲ್ಲ, ನಾವು ಸ್ಯಾಂಡ್‌ವಿಚ್ ಎನ್ನುವುದು.

ಆಮೇಲೆ ವಠಾರಗಳನ್ನು ಕೆಡವಿ ಜನರನ್ನು ಊರಾಚೆಯ ಎತ್ತರದ ಕಟ್ಟಡಗಳಿಗೆ ಕಳಿಸಿದರು. ನೀರು, ಬಚ್ಚಲು ಎಲ್ಲ ಸರಿಯಾಯಿತು. ಆದರೆ ಇಪ್ಪತ್ತನೆಯ ಮಹಡಿಯಿಂದ ಎಸೆದ ಬ್ರೆಡ್ಡು ಮಗುವಿನ ಕೈಗೆ ಸಿಗುವುದು ಹೇಗೆ? ಇದೇ ಪ್ರಶ್ನೆಯ ಮೇಲೆ ಆಡಮ್ ಮೆಕ್‌ನಾಟನ್ ಎಂಬವರು 1967ರಲ್ಲಿ ಒಂದು ತಮಾಷೆಯ ಹಾಡು ಕಟ್ಟಿದರು. ಮೊಮ್ಮಗನಿಗೂ ಆ ಹಾಡು ಗೊತ್ತಿತ್ತು. ಅವನು ರೈಲಿನಲ್ಲಿ ಹಾಡಿದ, ಎದುರಿಗೆ ಕೂತಿದ್ದ ಹೆಂಗಸೊಬ್ಬರು ದನಿಗೂಡಿಸಿದರು. ಹಾಡು ನಗಿಸುತ್ತದೆ. ಆದರೆ ಕಿಟಕಿಯಿಂದ ಅಮ್ಮನ ದನಿ ಕೇಳುವಷ್ಟು ಹತ್ತಿರದ ಮನೆ ಹೋದದ್ದರ ಸಂಕಟವೂ ಅದರಲ್ಲಿದೆ.

ನಾಲ್ಕು ವರ್ಷದ ನಂತರ

ಎರಡನೆಯ ಸಲ ನಾವು ಹೋದದ್ದು 2023ರ ಬೇಸಿಗೆಯಲ್ಲಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಗ್ಲಾಸ್ಗೋದ ಡ್ರಮ್‌ಚ್ಯಾಪಲ್‌ನಲ್ಲಿರುವ, 1965ರಿಂದ ರೋಲು ಮಾಡುತ್ತಿದ್ದ ಮಾರ್ಟನ್ಸ್ ಎಂಬ ದೊಡ್ಡ ಬೇಕರಿ ಏಕಾಏಕಿ ಕೆಲಸ ನಿಲ್ಲಿಸಿತ್ತು. ನೂರಾರು ಜನರ ಕೆಲಸದ ಪ್ರಶ್ನೆ. ಊರಿನವರು ಮನೆಯವರನ್ನೇ ಕಳೆದುಕೊಂಡ ಹಾಗೆ ಮಾತಾಡಿಕೊಂಡರಂತೆ. ಅದೇ ತಿಂಗಳಲ್ಲಿ ಹೊಸ ಬಂಡವಾಳ ಹಾಕುವವರು ಮುಂದೆ ಬಂದು, ರೋಲು ಮತ್ತೆ ಅಂಗಡಿಗೆ ಬಂತು. ಆದರೂ ಎಲ್ಲರಿಗೂ ಹಳೆಯ ಕೆಲಸ ಸಿಗಲಿಲ್ಲ.

ಮಗಳ ಮನೆಯ ಹಿಂದಿನ ಬೇಕರಿಗೆ ಅಂಥ ಯಾರೂ ಬಂದಿರಲಿಲ್ಲ. ಷಟರು ಇಳಿದಿತ್ತು. ಯಜಮಾನರಿಗೆ ಮಂಡಿ ನೋವು ಹೆಚ್ಚಾಗಿ ವಿಶ್ರಾಂತಿ ತೆಗೆದುಕೊಂಡರೆಂದು ಪಕ್ಕದ ಅಂಗಡಿಯವರು ಹೇಳಿದರು. ಕೆಲವು ದಿನ ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ಬಟರಿ ತಂದೆವು. ಮೊಮ್ಮಗನಿಗೆ ಈಗ ಹನ್ನೆರಡು, ಉದ್ದವಾಗಿದ್ದ, ಮಾತು ಕಡಿಮೆಯಾಗಿತ್ತು. ಒಂದು ತುಂಡು ತಿಂದು, “ಅಜ್ಜ, ಪದರ ಸರಿಯಿಲ್ಲ” ಎಂದ. ಹಳೆಯ ನೋಟ್‌ಪುಸ್ತಕ ಅವನ ಮೇಜಿನ ಡ್ರಾಯರಿನಲ್ಲೇ ಇತ್ತು.

ಅಲ್ಲಿ ಕೆಲಸಕ್ಕಿದ್ದ ಹುಡುಗಿ ಊರಿನ ಇನ್ನೊಂದು ಕೊನೆಯ ಬೇಕರಿಗೆ ಸೇರಿದ್ದಾಳೆಂದು ಅವನೇ ವಿಚಾರಿಸಿಕೊಂಡು ಬಂದ. ಎರಡು ಬಸ್ಸು ಬದಲಿಸಿ ಹೋದೆವು. ಗಾಜಿನ ಆಚೆ ಅವಳು ತಟ್ಟೆಯ ಮೇಲೆ ಬಾಗಿ ಬೆರಳ ತುದಿಯಿಂದ ಹಿಟ್ಟು ಒತ್ತುತ್ತಿದ್ದಳು. ನಮ್ಮನ್ನು ನೋಡಿ ಕೈಯೆತ್ತಿದಳು. ಮೊಮ್ಮಗ ಮೊದಲು ಕೇಳಿದ್ದು ಯಾವ ಕೊಬ್ಬು ಎಂದು. “ಹಳೆಯ ಬೇಕರಿಯದೇ” ಎಂದಳು, ಆರು ಬಟರಿ ಕಟ್ಟಿಕೊಟ್ಟಳು. ಇನ್ನೂ ಬಿಸಿ ಇತ್ತು. ಬಸ್ ಸ್ಟಾಪಿನ ಬೆಂಚಿನ ಮೇಲೇ ಎರಡು ಮುಗಿದವು. ಮೊಮ್ಮಗ ಮುರಿದು ಪದರ ಎಣಿಸಿದ, ಪುಸ್ತಕ ತೆಗೆದು ಷರಾ ಕಾಲಮ್ಮಿನಲ್ಲಿ ತಾನೇ ಕನ್ನಡದಲ್ಲಿ “ಸರಿ ಇದೆ” ಎಂದು ಬರೆದ. ಅಕ್ಷರ ಕೊಂಚ ಸೊಟ್ಟಗಿತ್ತು. ಅವನು ಕನ್ನಡದಲ್ಲಿ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಓದುಗರಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ನೀವೂ ಅಲ್ಲಿಗೆ ಹೋದಾಗ ಕೋಟೆ, ಅರಮನೆ ನೋಡಿ. ಜೊತೆಗೆ ಒಂದು ಬೆಳಿಗ್ಗೆ ಬೇಗ ಎದ್ದು ಮಗುವಿನ ಕೈ ಹಿಡಿದು ಬೀದಿಯ ಕೊನೆಯ ಸಣ್ಣ ಬೇಕರಿಗೆ ಹೋಗಿ, ಇದಕ್ಕೆ ನಿಮ್ಮೂರಲ್ಲಿ ಏನೆನ್ನುತ್ತಾರೆ ಎಂದು ಕೇಳಿ. ಒಂದು ಪೌಂಡಿನ ಆಸುಪಾಸಿನಲ್ಲಿ ಮುಗಿಯುವ ಖರ್ಚು ಅದು. ಸ್ಕಾಟ್‌ಲೆಂಡಿಗೇ ಹೋಗಬೇಕೆಂದೂ ಇಲ್ಲ. ನಿಮ್ಮ ಬೀದಿಯ ಬೇಕರಿಯವರೂ ನೀವು ಮಲಗಿರುವಾಗಲೇ ಒಲೆ ಹೊತ್ತಿಸಿರುತ್ತಾರೆ. ಎಷ್ಟು ಗಂಟೆಗೆ ಎಂದು ಅವರನ್ನೂ ಒಮ್ಮೆ ಕೇಳಿನೋಡಿ.